ಒಂದು ತಾಸಿನ ಜೋಡು ಚೀಟಿ

ಹಳೇ ಬಾಗಲಕೋಟೆ
ಗುರುವಾರ, ೧೨ ಜೂನ್ ೨೦೨೫

ಶ್ರೀ ಸಂಕೇತ ಅವರಿಗೆ ವರದಾಳ ನಮಸ್ಕಾರ.

ನಿಮ್ಮ ಪತ್ರ, ಅದರೊಳಗಿನ ಪತ್ರಿಕೆಯ ತುಣುಕು, ಅಮೀನಗಡದ ಕರದಂಟಿನ ಡಬ್ಬಿ ಮೂರೂ ತಲುಪಿದವು. ಅಪ್ಪ ಆರಾಮಾಗಿದ್ದಾರೆ ಎಂದು ಬರೆಯುವುದು ರೂಢಿ. ಆದರೆ ಅವರಿನ್ನೂ ಮಲಗಿಯೇ ಇದ್ದಾರೆ. ಸೊಂಟದ ಎಲುಬು ಕೂಡಿದೆ, ಕಾಲಿಗೆ ಬಲ ಬಂದಿಲ್ಲ. ಇಬ್ಬರು ಹಿಡಿದು ಎಬ್ಬಿಸಿದರೆ ಕುರ್ಚಿಯಲ್ಲಿ ಅರ್ಧ ತಾಸು ಕೂರುತ್ತಾರೆ. ಆ ಅರ್ಧ ತಾಸು ಪೇಪರು ಓದಲಿಕ್ಕೆ.

ಬಡ್ತಿ ಬರುವುದಿದೆ, ಹುಬ್ಬಳ್ಳಿಯಲ್ಲಿ ದೊಡ್ಡ ಮನೆ ಸಿಗುತ್ತದೆ, ಮಾವನವರನ್ನೂ ಕರೆದುಕೊಂಡು ಬಾ, ಆದದ್ದನ್ನು ಮರೆಯೋಣ ಎಂದು ಬರೆದಿದ್ದೀರಿ. ಸುಳ್ಳು ಹೇಳುವುದಿಲ್ಲ. ಮೊದಲನೇ ಪುಟ ಓದಿ ನಾನು ಅಟ್ಟದ ಮೇಲಿನ ಟ್ರಂಕು ಇಳಿಸಿ ಒರೆಸಿದೆ. ದೀಪಾವಳಿ ಮುಗಿಸಿ ಇಲ್ಲಿಗೆ ಬಂದವಳು ಮೊದಲು ಅಪ್ಪನ ವಯಸ್ಸಿನ, ಏಪ್ರಿಲಿನಿಂದ ಅವರ ಸೊಂಟದ ನೆವದಲ್ಲೇ ಉಳಿದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಹೀಗೇ ಎಷ್ಟು ದಿನ ಅನ್ನಿಸಿತ್ತು. ಆಮೇಲೆ ಪೇಪರಿನ ತುಣುಕು ಬಿಚ್ಚಿದೆ.

ನಿಮ್ಮ ಫೋಟೋ ಚೆನ್ನಾಗಿ ಬಂದಿದೆ. ಕೆಳಗೆ ನೀವು ಸಾರಿಗೆ ಕಚೇರಿಗೆ ಕೊಟ್ಟ ವರದಿಯ ಸಾಲು: ‘ಬಸ್ಸು ಬದಲಿಸುವ ಪ್ರಯಾಣಿಕರಿಂದ ಜೋಡು ಚೀಟಿಗೆ ಬೇಡಿಕೆ ಇಲ್ಲ, ಯೋಜನೆ ಕೈಬಿಡಬಹುದು.’ ಅದನ್ನು ಎರಡು ಸಲ ಓದಿದೆ. ಟ್ರಂಕನ್ನು ಮತ್ತೆ ಅಟ್ಟಕ್ಕೆ ಏರಿಸಿದೆ.

ನನಗೆ ಸಿಟ್ಟು ಬಂದಿಲ್ಲ. ಸಿಟ್ಟಾದರೆ ಇಳಿಯುತ್ತದೆ. ಹೇಸಿಗೆಯಾಯಿತು. ತಾಟಿನ ಅನ್ನದಲ್ಲಿ ಕೂದಲು ಕಂಡ ಮೇಲೆ ಅನ್ನ ಬದಲಿಸಿದರೂ ಗಂಟಲಲ್ಲಿ ಇಳಿಯುವುದಿಲ್ಲವಲ್ಲ, ಹಾಗೆ.

ಈ ಯೋಜನೆ ಯಾಕೆ ಬೇಕು ಎಂದು ನನಗೆ ತಿಳಿಸಿಕೊಟ್ಟವರು ನೀವೇ. ಹಳೇ ಊರಿನ ಬಸ್ಸು ನವನಗರದ ನಿಲ್ದಾಣದಲ್ಲೇ ನಿಂತುಬಿಡುತ್ತದೆ. ದವಾಖಾನೆ, ಶಾಲೆ, ಕಚೇರಿಗಳೆಲ್ಲ ಅದರಾಚೆಗಿನ ಸೆಕ್ಟರುಗಳಲ್ಲಿವೆ. ಅಲ್ಲಿಗೆ ಇನ್ನೊಂದು ಬಸ್ಸು ಹತ್ತಬೇಕು, ಕನಿಷ್ಠ ದರ ಇನ್ನೊಮ್ಮೆ ಕೊಡಬೇಕು. ಅಷ್ಟೇ ದೂರ ಒಂದೇ ಬಸ್ಸಿನಲ್ಲಿ ಹೋಗುವವನು ಒಮ್ಮೆ ಕೊಟ್ಟರೆ ಸಾಕು. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನೀವು ಹೇಳಿದ ಮಾತು ನನಗೆ ಹಾಗೇ ನೆನಪಿದೆ. “ಬಸ್ಸು ಬದಲಸೂದು ಮಂದಿ ಚೈನಿ ಅಲ್ಲ ವರದಾ, ನಮ್ಮ ರೂಟಿನ ತಪ್ಪು. ನಮ್ಮ ತಪ್ಪಿಗೆ ಅವರ್ಯಾಕ ದಂಡ ಕೊಡಬೇಕು?” ಆ ದಿನ ನೀವು ನನಗೆ ಬಹಳ ದೊಡ್ಡವರಾಗಿ ಕಂಡಿರಿ.

ದಸರೆಯಲ್ಲಿ ಯೋಜನೆ ಶುರುವಾಯಿತು. ಒಂದೇ ಚೀಟಿ, ಒಂದು ತಾಸಿನೊಳಗೆ ಎರಡನೇ ಬಸ್ಸು ಹತ್ತಬಹುದು. ಮೊದಲ ದಿನ ನಾವಿಬ್ಬರೂ ಕೂಡಿ ಹೋದೆವು. ನಾವು ನವನಗರದಲ್ಲಿ ಇಳಿಯುವುದಕ್ಕೂ ಸೆಕ್ಟರಿನ ಬಸ್ಸು ಕಣ್ಣೆದುರೇ ಹೊರಡುವುದಕ್ಕೂ ಸರಿಹೋಯಿತು. ನಿಲ್ದಾಣದ ಕಂಟ್ರೋಲರ್ ಗುರಲಿಂಗಪ್ಪನಿಗೆ ನೀವು ದಬಾಯಿಸಿದಿರಿ. ಅವನು ಹಲ್ಲುಕಿರಿದು, “ಸಾಹೇಬ್ರ, ನಿಂದರಸಲಿಕ್ಕೆ ನಮಗೇನ್ರಿ, ಮಧ್ಯಾಹ್ನದ ತನಕ ನಿಂದರಸ್ತೇನಿ. ಒಂದ್ ಆರ್ಡರ್ ಕಳಸ್ರಿ,” ಎಂದ. ಕಳಿಸುತ್ತೇನೆ ಎಂದಿರಿ. ಆ ಆರ್ಡರಿನ ಹಾದಿಯನ್ನು ಗುರಲಿಂಗಪ್ಪ ಇನ್ನೂ ಕಾಯುತ್ತಿದ್ದಾನೆ.

ಅದರ ಬದಲು ಬಂದದ್ದು ಬೇರೆ ಆರ್ಡರು. ಸೆಕ್ಟರಿನ ಎರಡು ಬಸ್ಸುಗಳಲ್ಲಿ ಒಂದನ್ನು ನಿಮ್ಮ ಕಚೇರಿ ಯಾವುದೋ ಖಾಸಗಿ ಕಾಲೇಜಿಗೆ ಬಾಡಿಗೆಗೆ ಕೊಟ್ಟಿತು. ಉಳಿದದ್ದು ಬರುವಷ್ಟರಲ್ಲಿ ಚೀಟಿಯ ತಾಸು ನಿಲ್ದಾಣದ ಕಟ್ಟೆಯ ಮೇಲೆಯೇ ಮುಗಿದಿರುತ್ತಿತ್ತು. ನನಗೆ ಇದು ತಟ್ಟಲಿಲ್ಲ. ಹೆಂಗಸರಿಗೆ ಟಿಕೆಟ್ಟೇ ಇಲ್ಲ. ಇಲ್ಲಿ ಸೇರಿದ ಶಾಲೆಗೆ ದಿನಾಲು ಪಾಠಕ್ಕೆ ಹೋಗುವಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ. ದವಾಖಾನೆಯ ಕಾವಲುಗಾರ ಲಕ್ಷ್ಮಣ ನಮ್ಮ ಓಣಿಯವನೇ. ಅವನು ಬಿಸಿಲಿಗೆ ಟವೆಲ್ಲು ಹೊದ್ದುಕೊಂಡು ನಡೆಯಲು ತಯಾರಾಗುತ್ತ, “ಹೆಂಗಸರಿಗೆ ಬಸ್ಸು ಪುಕ್ಕಟ, ಗಂಡಸರಿಗೆ ನಡಿಯೂದು ಪುಕ್ಕಟ. ಯಾರಿಗೂ ಮೋಸ ಇಲ್ರಿ ಅಕ್ಕಾರ,” ಎನ್ನುತ್ತಿದ್ದ.

ಆಗ ಕಂಡಕ್ಟರುಗಳು ತಾವೇ ಒಂದು ದಾರಿ ಮಾಡಿದರು. ತಾಸು ಮೀರಿದ ಚೀಟಿ ಹಿಡಿದವರನ್ನೂ ಸುಮ್ಮನೆ ಹತ್ತಿಸಿಕೊಂಡರು. ದೌಲತಬಿಯಂತೂ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು: “ಬರ್ರಿ ಬರ್ರಿ, ಚೀಟಿ ಮುಗದ್ರ ಏನಾತು, ನೀವಿನ್ನೂ ಮುಗದಿಲ್ಲಲಾ!” ಬಸ್ಸಿಗೆ ಬಸ್ಸೇ ನಗುತ್ತಿತ್ತು. ಆದರೆ ಅವಳ ಟಿಕೆಟ್ಟಿನ ಮಷಿನ್ನು ಅವಧಿ ಮೀರಿದ ಚೀಟಿಯನ್ನು ಒಪ್ಪುವುದಿಲ್ಲ. ಹತ್ತಿದವರ್ಯಾರೂ ಲೆಕ್ಕಕ್ಕೆ ಬರಲಿಲ್ಲ. ಮಂದಿಗೆ ಉಪಕಾರ ಮಾಡಿದೆವೆಂದು ಅವರು ತಿಳಿದರು. ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಜೋಡು ಚೀಟಿಯನ್ನು ಬಳಸುವವರೇ ಇಲ್ಲ ಎಂದಾಯಿತು.

ಮಾರ್ಚಿನಲ್ಲಿ ತಪಾಸಣೆಯವರು ಬಂದು ದೌಲತಬಿಗೆ ಮೆಮೋ ಕೊಟ್ಟರು. ಅಂದೇ ನಿಮಗೆ ಫೋನು ಮಾಡಿ ಇಷ್ಟನ್ನೂ ಹೇಳಿದ್ದೆ. ನೀವು ಕೇಳಿಸಿಕೊಂಡು ಹೇಳಿದ್ದು: “ನೀ ನಿನ್ನ ಸಾಲಿ ನೋಡ್ಕೋ. ಮ್ಯಾಲಿನವರಿಗೆ ಈ ಸ್ಕೀಮ್ ಬ್ಯಾಡಾಗೇದ. ನಾ ಒಬ್ಬವ ಬೇಕು ಅಂತ ಕುಂತ್ರ ನನ್ನ ಬಡ್ತಿ ಫೈಲು ಅಲ್ಲೇ ಕೊಳೀತದ.”

ಅಂದರೆ ನಿಮಗೆ ಗೊತ್ತಿತ್ತು. ಗೊತ್ತಿಲ್ಲದೆ ಬರೆದಿದ್ದರೆ ತಪ್ಪು ಎನ್ನುತ್ತಿದ್ದೆ, ಕ್ಷಮಿಸುತ್ತಿದ್ದೆ. ಬೇಸತ್ತು ಎರಡನೇ ಟಿಕೆಟ್ಟು ಕೊಂಡವನನ್ನು ‘ಸ್ವಇಚ್ಛೆಯಿಂದ ಪೂರ್ಣ ದರ ನೀಡಿದವರು’ ಎಂದು ಬರೆದಿದ್ದೀರಿ. ನಡೆದುಹೋದವನನ್ನು ‘ನಿಲ್ದಾಣದಲ್ಲೇ ಪ್ರಯಾಣ ಮುಗಿಸಿದವರು’ ಎಂದು ಬರೆದಿದ್ದೀರಿ. ಇದು ಮೇಲಿನವರು ಹೇಳಿಕೊಟ್ಟ ಮಾತಲ್ಲ. ಆ ಬರವಣಿಗೆಯ ಜಾಣತನ ನನಗೆ ಗೊತ್ತು, ಅದರ ಜೊತೆ ಆರು ವರ್ಷ ಸಂಸಾರ ಮಾಡಿದ್ದೇನೆ. ಬಸ್ಸನ್ನು ನೀವೇ ಬಾಡಿಗೆಗೆ ಕಳಿಸಿಬಿಟ್ಟು, ಹತ್ತುವವರೇ ಇಲ್ಲ ಎಂದು ಸಹಿ ಹಾಕಿ, ಆ ಕಾಗದವನ್ನು ಹೆಂಡತಿಗೆ ಮಿಠಾಯಿಯ ಜೊತೆ ಕಳಿಸಿದ್ದೀರಲ್ಲ!

ಸೋಮವಾರ ನವನಗರದಲ್ಲಿ ಪ್ರಯಾಣಿಕರ ಅಹವಾಲು ಸಭೆಯಿದೆ, ವರದಿ ಓದುವವರು ನೀವೇ ಎಂದು ಪೇಪರಿನಲ್ಲಿದೆ. ಅಂದು ಯಾರೂ ಎದ್ದು ನಿಲ್ಲದಿದ್ದರೆ ಯೋಜನೆ ಮುಗಿಯಿತು; ಲಕ್ಷ್ಮಣನಂಥವರು ದಿನಾಲು ಎರಡು ಸಲ ಕೊಡಬೇಕು, ಇಲ್ಲವೇ ನಡೆಯಬೇಕು. ಆದ್ದರಿಂದ ನಾನು ಎದ್ದು ನಿಲ್ಲುತ್ತೇನೆ. ಲಕ್ಷ್ಮಣ ಬರುತ್ತಾನೆ. ದೌಲತಬಿಯನ್ನು ಬೇಡವೆಂದೆ, ನೌಕರಿಯ ಪ್ರಶ್ನೆ. “ಮೆಮೋಕ್ಕ ಜೋಡು ಇನ್ನೊಂದು ಮೆಮೋ ಬರ್ತದ, ಬರ್ಲಿ ಬಿಡ್ರಿ ಅಕ್ಕಾ, ಅದೂ ಜೋಡು ಚೀಟಿನ,” ಎಂದು ನಕ್ಕಳು. ನಾವು ಕೇಳುವುದು ಎರಡೇ. ಬಾಡಿಗೆಗೆ ಹೋದ ಬಸ್ಸು ಸೆಕ್ಟರಿಗೆ ಮರಳಲಿ. ಚೀಟಿಯನ್ನು ಗಡಿಯಾರದಿಂದ ಅಳೆಯುವುದು ಬಿಟ್ಟು, ಮುಂದಿನ ಬಸ್ಸು ಬರುವ ತನಕ ನಡೆಸಿರಿ. ಬಸ್ಸು ತಡವಾದರೆ ಅದು ನಿಂತವನ ತಪ್ಪಲ್ಲ.

ವರದಿಯ ಆ ಒಂದು ಸಾಲನ್ನು ತಿದ್ದಲು ನಿಮಗೆ ಇನ್ನೂ ಸಮಯವಿದೆ. ತಿದ್ದಿದರೆ ಫೈಲು ಕೊಳೆಯಬಹುದು. ಕೊಳೆತ ಫೈಲಿನವನ ಸಂಗಡ ಸಣ್ಣ ಮನೆಯಲ್ಲಿ ಇರಲು ನನ್ನ ತಕರಾರಿಲ್ಲ. ತಿದ್ದದಿದ್ದರೆ ಆ ದೊಡ್ಡ ಮನೆಯ ಕಸ ಹೊಡೆಯಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಇಷ್ಟು ನೇರವಾಗಿ ಬರೆಯಲು ಕಲಿಸಿದ್ದೂ ಹಿಂದೊಮ್ಮೆ ನೀವೇ.

ವರದಾ

ತಾ.ಕ.: ಅಪ್ಪ ಅಂಗಳದಲ್ಲಿ ಜಾರಿ ಬಿದ್ದರೆಂದು ಏಪ್ರಿಲಿನಲ್ಲಿ ಬರೆದಿದ್ದೆ. ಅದು ಅವರೇ ಬರೆಸಿದ ಮಾತು. “ಖರೆ ಬರೀಬ್ಯಾಡವಾ, ಸಂಕೇತ ಮನಸಿಗೆ ಹಚ್ಚಿಕೊಂತಾನ,” ಎಂದಿದ್ದರು. ರಕ್ತದೊತ್ತಡದ ಗುಳಿಗೆ ತರಲು ದವಾಖಾನೆಗೆ ಹೊರಟಿದ್ದರು. ನವನಗರದಲ್ಲಿ ಕೂತಲ್ಲೇ ತಾಸು ಮುಗಿಯಿತು. ಮೆಮೋ ಬಂದಿದ್ದರೂ ದೌಲತಬಿ ಕೈ ಹಿಡಿದು, “ಏರ್ರಿ ಮಾಸ್ತರ,” ಎಂದು ಜಗ್ಗಿದಳಂತೆ. “ಅಳಿಯ ಮಾಡಿದ ಕಾಯಿದಿ, ಮಾವನ ಮುರದ್ರ ಹೆಂಗವಾ?” ಎಂದರಂತೆ. ಹಾಗಾದರೆ ಟಿಕೆಟ್ಟಾದರೂ ತೆಗೆದುಕೊಳ್ಳಿ ಎಂದಳು. “ಎರಡನೇದು ತಗೊಂಡ್ರ ಅವನ ಸ್ಕೀಮ್ ಸೋತಂಗ ಲೆಕ್ಕ ಆಗ್ತದ. ನಾ ನಡೀತೇನಿ,” ಎಂದು ಆ ಬಿಸಿಲಲ್ಲಿ ಹೊರಟರು. ಚರಂಡಿಯ ಕಲ್ಲಿನ ಮೇಲೆ ಬಿದ್ದವರನ್ನು ಆಟೋದಲ್ಲಿ ದವಾಖಾನೆಗೆ ಒಯ್ದವಳೂ ಅವಳೇ. ನಿಮ್ಮ ವರದಿಯಲ್ಲಿ ಅವರು ನಿಲ್ದಾಣದಲ್ಲೇ ಪ್ರಯಾಣ ಮುಗಿಸಿದವರು.

ಪೇಪರಿನ ಆ ಪುಟವನ್ನು ಅವರಿಂದ ಮುಚ್ಚಿಟ್ಟಿದ್ದೇನೆ. ಕರದಂಟಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಈಗಷ್ಟೇ ಕೇಳಿದರು: “ಅವನ ಬಸ್ಸು ಛಲೋ ನಡದಾವಲಾ?” ಸೋಮವಾರ ಕುರ್ಚಿಯಲ್ಲಿ ಹೊತ್ತುಕೊಂಡಾದರೂ ಸಭೆಗೆ ಒಯ್ಯಬೇಕಂತೆ, ಅಳಿಯ ಮಾತಾಡುವುದನ್ನು ಕೇಳಬೇಕಂತೆ. ಲಕ್ಷ್ಮಣನಿಗೆ ಹೇಳಿದ್ದೇನೆ. ಮುಂದಿನ ಸಾಲಿನಲ್ಲೇ ಕೂರಿಸುತ್ತೇವೆ. ಬೇಡಿಕೆ ಇಲ್ಲ ಎಂಬ ಸಾಲನ್ನು ಅವರ ಮುಖ ನೋಡಿಕೊಂಡು ಓದಿರಿ.