ಮಿಲ್ಲಿನಲ್ಲಿ ಸೋತ ತೊಂಬತ್ತು ಕುದುರೆ

ಭಾವ,

ಕ್ಷೇಮ ವಿಚಾರಿಸಿ ಶುರು ಮಾಡುವಷ್ಟು ಸಮಾಧಾನ ನನಗಿಲ್ಲ. ನೀವು ಇದ್ದಾಗಲೂ ಕೋಪ ಬಂದರೆ ನಾನು ಅಜ್ಜಂಪುರದಿಂದ ಕಾಗದ ಬರೆದು ಹಾಕುತ್ತಿದ್ದೆ. ನೀವು ಅದನ್ನು ಗ್ಯಾರೇಜಿನಲ್ಲಿ ನಿಂತೇ ಓದಿ, ಗ್ರೀಸ್ ಕೈಯಲ್ಲೇ ಮಡಚಿ ಮನೆಗೆ ತಂದು, "ನಿನ್ ತಂಗಿ ಇವತ್ತು ನನ್ನ ಬೆಂಚಿನ ಮೇಲೆ ನಿಲ್ಲಿಸ್ಬಿಟ್ಟವ್ಳೆ" ಎಂದು ಅಕ್ಕನಿಗೆ ಕೊಟ್ಟು ನಗುತ್ತಿದ್ದಿರಂತೆ. ಈ ಸಲ ನಗುವವರಿಲ್ಲ. ನೀವು ಹೋಗಿ ಎರಡನೇ ಯುಗಾದಿಯೂ ಆಯಿತು. ಆದರೂ ಬರೆಯುತ್ತಿದ್ದೇನೆ. ಹೋದ ವಾರ ತರೀಕೆರೆಯಲ್ಲಿ ಒಂದು ಮಾತು, ನಿನ್ನೆ ಕಡೂರಿನಲ್ಲಿ ಇನ್ನೊಂದು ಮಾತು ಕೇಳಿ ಬಂದಿದ್ದೇನೆ. ಎರಡೂ ಆ ಕೆಂಪು ಕಾರಿನ ಇಂಜಿನ್ನಿಗೆ ಸೇರಿದ್ದು. ಈ ಜಗಳವನ್ನು ಬೇರೆ ಯಾರ ಹತ್ತಿರ ಆಡಲಿ?

ಲಕ್ಷ್ಮಣಗೌಡರ ಕಾರು ಕಡೂರಿನ ನಿಮ್ಮ ಗ್ಯಾರೇಜಿಗೆ ಬಂದ ದಿನ ನಾನೂ ಅಲ್ಲಿದ್ದೆ. ಸ್ಕೂಲಿಗೆ ಬೇಸಿಗೆ ರಜೆ, ಲೆಕ್ಕದ ಪೇಪರು ತಿದ್ದಿ ಮುಗಿಸಿ ಅಕ್ಕನ ಮನೆಗೆ ಬಂದಿದ್ದೆ. ಆ ತಗಡಿನ ಶೆಡ್ಡಿಗೆ ಅಲ್ಲಿಯತನಕ ಬಂದದ್ದೆಲ್ಲ ಸ್ಪ್ರಿಂಗ್ ಪಟ್ಟಿ ಮುರಿದ ಲಾರಿ, ಕೆಸರು ಮೆತ್ತಿದ ಟ್ರ್ಯಾಕ್ಟರ್, ದೇವನೂರು ಕಡೆಯ ಪಂಪ್‌ಸೆಟ್ಟು. ಅವುಗಳ ಮಧ್ಯೆ ಎರಡೇ ಬಾಗಿಲಿನ ಹೊರದೇಶದ ಸ್ಪೋರ್ಟ್ಸ್ ಕಾರು, ಕೂಲಿಯವರ ಪಂಕ್ತಿಯಲ್ಲಿ ಮದುಮಗ ಬಂದು ಕೂತ ಹಾಗೆ ಕಾಣುತ್ತಿತ್ತು. ಗೌಡರು ಗಿರಿಯ ಮೇಲೆ ಕಾಫಿ ತೋಟ ಇದ್ದವರು, ಕಾರು ರ‍್ಯಾಲಿಯ ಹುಚ್ಚು ಹಿಡಿದವರು. ಕಂಪನಿಯವರು ಅರವತ್ತು ಎಚ್‌ಪಿ ಅನ್ನುತ್ತಾರೆ, ಅಂದರೆ ಅರವತ್ತು ಕುದುರೆಯ ಬಲ, ನನಗೆ ಅದು ಸಾಲದು ಎಂದರು. ನೀವು ಬಾನೆಟ್ ಎತ್ತಿ ನೋಡಿದಿರಿ, ಮುಚ್ಚಿದಿರಿ, ಮತ್ತೆ ಎತ್ತಿದಿರಿ. ಅವತ್ತು ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಟರ್ಬೊ ಎಂಬ ಹೆಸರು ನಾನು ಮೊದಲು ಕೇಳಿದ್ದು ಅಕ್ಕನ ಅಡಿಗೆಮನೆಯಲ್ಲಿ. ಗಣಿಯ ಹಳೇ ಯಂತ್ರಗಳ ಗುಜರಿಯಿಂದ ತಂದಿದ್ದ, ಬಸವನಹುಳುವಿನ ಚಿಪ್ಪಿನಂಥ ಕಬ್ಬಿಣದ ಗಡ್ಡೆಯನ್ನು ಒರಳಿನ ಪಕ್ಕ ಇಟ್ಟುಕೊಂಡು ನನಗೇ ಪಾಠ ಮಾಡಿದಿರಿ. ಇಂಜಿನ್ನಿಂದ ಹೊರಗೆ ಹೋಗುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿನ ಒಳಕ್ಕೆ ತುಂಬುತ್ತದೆ, ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು ಉರಿಸಬಹುದು. "ಹೊಗೆ ಸುಮ್ನೆ ಹೋಗ್ಬಾರ್ದು ಕಣಮ್ಮ, ಒಂದ್ ಕೆಲ್ಸ ಮಾಡಿಕೊಟ್ಟೇ ಹೋಗ್ಬೇಕು" ಎಂದಿರಿ. ಅದನ್ನು ಆ ಸಣ್ಣ ಇಂಜಿನ್ನಿಗೆ ಹೊಂದಿಸಲು ಎಷ್ಟು ಸಲ ಬಿಚ್ಚಿ ಕಟ್ಟಿದಿರೋ, ಎಷ್ಟು ಗ್ಯಾಸ್ಕೆಟ್ ಸುಟ್ಟವೋ... ಕೊನೆಗೊಂದು ದಿನ ಕಾರು ಬೀರೂರು ರಸ್ತೆಯಲ್ಲಿ ಶಿಳ್ಳೆ ಹಾಕುತ್ತಾ ಹೋಗಿ ಬಂತು. ನೀವು ಇಳಿದವರೇ ತೊಂಬತ್ತು ಇದೆ ಎಂದಿರಿ. ಸೀಟು ಬೆನ್ನಿಗೆ ಒತ್ತಿದ್ದರ ಮೇಲೆ ಹೇಳಿದ ಮಾತು ಅದು, ಆದರೆ ಗೌಡರು ಗಟ್ಟಿಯಾಗಿ ಹಿಡಿದುಕೊಂಡರು. ನಿಜವಾಗಿ ತೊಂಬತ್ತು ಇದ್ದರೆ ತಮ್ಮ ಕಾರು, ರ‍್ಯಾಲಿ ಗೆಳೆಯರ ಕಾರು, ಎಲ್ಲ ಇನ್ನು ಮೇಲೆ ನಿಮ್ಮ ಶೆಡ್ಡಿಗೇ ಎಂದರು. ಲಾರಿ ಪಟ್ಟಿ ಬಡಿಯುವುದು ಬಿಟ್ಟು ಬರೀ ಇಂಜಿನ್ ಕೆಲಸ ಮಾಡಬೇಕೆಂಬುದು ನಿಮಗೆ ಎಷ್ಟು ವರ್ಷದ ಆಸೆ ಎಂದು ನಮ್ಮ ಮನೆಯಲ್ಲಿ ಯಾರಿಗೆ ತಿಳಿದಿರಲಿಲ್ಲ?

ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಗೆ ಏರುವ ರಸ್ತೆಯಲ್ಲಿ ನಾವು ಮಾಡಿದ ಸರ್ಕಸ್ಸು ನೆನೆದರೆ ಈಗಲೂ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ಲೆಕ್ಕ ನನ್ನದು. ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಎಷ್ಟು ಹೊತ್ತಿನಲ್ಲಿ ಎಳೆಯಿತು ಎಂದು ಗೊತ್ತಾದರೆ ಎಚ್‌ಪಿ ತಾನಾಗಿ ಸಿಗುತ್ತದೆ, ಅದಕ್ಕೆ ದೊಡ್ಡ ವಿದ್ಯೆ ಬೇಡ. ಕಾರಿನ ಹಿಂದೆ ತೋಟದ ಟ್ರೈಲರ್ ಕಟ್ಟಿ, ಮರಳಿನ ಚೀಲ ಹೇರಿ, ಎಲ್ಲವನ್ನೂ ಮಂಡಿಯ ಹತ್ತಿರ ತೂಕ ಹಾಕಿಸಿದಿರಿ. ಏರಿನ ಎತ್ತರವನ್ನು ರಸ್ತೆ ಕೆಲಸದ ಓವರ್‌ಸೀಯರ್ ಒಬ್ಬರು ಅಳೆದುಕೊಟ್ಟರು. ಕೆಳಗೆ ಅಕ್ಕ ಟವೆಲ್ ಬೀಸಿದ ಕೂಡಲೇ ಮೇಲೆ ಕೂತ ನಾನು ಗಡಿಯಾರ ನೋಡಬೇಕು. ಅಷ್ಟು ಚೆಂದದ ಕಾರು ಮರಳು ಎಳೆದುಕೊಂಡು ಬರುವುದನ್ನು ಕಂಡು ಸೌದೆ ಹೊತ್ತ ಹೆಂಗಸರು ನಿಂತು ಮರುಗಿದರು. ಎಷ್ಟು ಸಲ ಏರಿಸಿದರೂ, ಚಕ್ರದ ಉಜ್ಜಾಟಕ್ಕೆ ಸೇರಿಸಬೇಕಾದ್ದನ್ನು ಸೇರಿಸಿ ನೋಡಿದರೂ, ಲೆಕ್ಕ ತೊಂಬತ್ತರ ಆಸುಪಾಸಿನಲ್ಲೇ ನಿಂತಿತು. ಮೇಷ್ಟ್ರಮ್ಮ ಪಾಸ್ ಮಾಡಿದ್ರು ಎಂದು ನೀವು ಗೌಡರಿಗೆ ಹೇಳುವಾಗ ನಿಮ್ಮ ಮುಖ ನೋಡಬೇಕಿತ್ತು.

ಗೌಡರು ಒಪ್ಪಿದರು, ಅವರ ಗೆಳೆಯರು ಒಪ್ಪಲಿಲ್ಲ. ಹೆಣ್ಣುಮಗಳು ಗಡಿಯಾರ ಹಿಡಿದು ಹೇಳಿದ ಲೆಕ್ಕ ಯಾರಿಗೆ ಬೇಕು, ಮಿಲ್ಲಿಗೆ ಹತ್ತಿಸಿ ತೋರಿಸಲಿ ಎಂದರು. ನಮ್ಮ ಕಡೆ ಇಂಜಿನ್ನುಗಳಿಗೆ ಅದೇ ತಾನೇ ಕೊನೆಯ ಕೋರ್ಟು? ಯಾವ ಇಂಜಿನ್ ರಿಪೇರಿಯಾದರೂ ತರೀಕೆರೆಯ ಮರುಳಪ್ಪನವರ ಅಕ್ಕಿ ಮಿಲ್ಲಿಗೆ ಒಯ್ಯುವುದು, ಕರೆಂಟು ಹೋದಾಗ ಡೀಸೆಲ್ ಇಂಜಿನ್ನಿಗೆ ಬೆಲ್ಟಿನ ಪಟ್ಟಾ ಹಾಕುವ ಜಾಗದಲ್ಲಿ ಕೂರಿಸುವುದು, ಮಿಲ್ಲಿನ ಮೋಟಾರು ಎಳೆಯುವಷ್ಟು ಯಂತ್ರಗಳನ್ನು ಇದೂ ಎಳೆಯುತ್ತದೆಯೇ ನೋಡುವುದು. ಮೋಟಾರಿನ ಮೈಮೇಲಿನ ಪ್ಲೇಟಿನಲ್ಲಿ ಅದರ ಎಚ್‌ಪಿ ಬರೆದಿರುತ್ತದೆ. ಅದಕ್ಕೆ ಹೋಲಿಸಿ ಇಂಜಿನ್ನಿನ ಯೋಗ್ಯತೆ ಹೇಳುವುದು. ಮರುಳಪ್ಪನವರು ನಿಮ್ಮ ದೊಡ್ಡಪ್ಪನ ಮಗ, ಹೊರಗಿನವರಲ್ಲ. ಆದರೂ ನೀವು ಬೆಟ್ಟದ ಲೆಕ್ಕ ಸಾಕು, ಮಿಲ್ಲು ಬೇಡ ಎಂದು ಜಾರಿಕೊಳ್ಳಲು ನೋಡಿದಿರಿ. ಪರೀಕ್ಷೆಯ ಹೆದರಿಕೆ ಎಂದು ನಾನು ತಮಾಷೆ ಮಾಡಿದೆ.

ಮಿಲ್ಲಿನ ಅಂಗಳದಲ್ಲಿ ಅವತ್ತು ಜಾತ್ರೆಯಷ್ಟು ಜನ. ಕಾರಿನ ಸುದ್ದಿ ಕೇಳಿ ವಿದ್ಯುತ್ ಇಲಾಖೆಯ ಹೊಸ ಆಫೀಸರೂ ನೋಡಲು ಬಂದಿದ್ದರು, ಮರುಳಪ್ಪನವರೇ ಕುರ್ಚಿ ಹಾಕಿಸಿ ಕೂರಿಸಿದ್ದರು. ಇಂಜಿನ್ನನ್ನು ಕಾರಿನಿಂದ ಇಳಿಸಿ ಮರದ ದಿಮ್ಮಿಗಳ ಮೇಲೆ ಬಿಗಿದು ನೀವು ಪಟ್ಟಾ ಹಾಕಿದಿರಿ. ಒಂದೊಂದೇ ಯಂತ್ರ ಹೊರಿಸುತ್ತಾ ಹೋದ ಹಾಗೆ ಟರ್ಬೊ ಕೆಂಪಗೆ ಕಾದಿತು. ಮೋಟಾರು ಎಳೆಯುವಷ್ಟನ್ನೆಲ್ಲ ಎಳೆದು, ಅದರ ಮೇಲೆ ಸ್ವಲ್ಪ ಎಳೆದು ಇಂಜಿನ್ ಉಸಿರುಗಟ್ಟಿ ನಿಂತಿತು. ಪ್ಲೇಟಿನಲ್ಲಿದ್ದದ್ದು ಐವತ್ತು. ಆ ಹೆಚ್ಚಿನ ಎಳೆತಕ್ಕೆ, ಪಟ್ಟಾ ಜಾರಿದ್ದಕ್ಕೆ ಎಲ್ಲ ಸೇರಿಸಿ ಐದನೇ ಒಂದು ಪಾಲು ಮೇಲೆ ಹಾಕಿದರೂ ಅರವತ್ತು. ಟರ್ಬೊ ಇಲ್ಲದೆಯೇ ಕಂಪನಿ ಹೇಳುತ್ತಿದ್ದದ್ದೂ ಅರವತ್ತೇ. ಬಸವನಹುಳು ಉಂಡು ಮಲಗಿತು ಎಂದು ಗೌಡರ ಗೆಳೆಯರೊಬ್ಬರು ಅಂದರು, ಅಂಗಳವೆಲ್ಲ ನಕ್ಕಿತು. ಬೆಟ್ಟದ ಲೆಕ್ಕವನ್ನೂ ಹೇಳಿ ಎಂದು ನಾನು ಹಿಂದಿನಿಂದ ನಿಮ್ಮ ಅಂಗಿ ಜಗ್ಗುತ್ತಿದ್ದೆ. ನೀವು ತಿರುಗಿ ಕೂಡ ನೋಡಲಿಲ್ಲ.

"ಮಿಲ್ಲು ಸುಳ್ಳು ಹೇಳಲ್ಲ ಗೌಡ್ರೆ. ನಾನ್ ಹೇಳಿದ್ದೇ ತಪ್ಪಾಯ್ತು. ಅರವತ್ತೇ ಇರೋದು" ಎಂದಿರಿ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಜಗಳ ತೆಗೆದದ್ದು ನೆನಪಿದೆಯೇ? ಎರಡು ಅಳತೆ ಇಷ್ಟು ದೂರ ಇರಲು ಸಾಧ್ಯವಿಲ್ಲ, ಬೆಟ್ಟವೋ ಮಿಲ್ಲೋ ಒಂದು ಸುಳ್ಳು ಹೇಳುತ್ತಿದೆ, ಇನ್ನೊಂದು ಸಲ ಅಳೆಯೋಣ ಎಂದು ಗೋಗರೆದೆ. "ಬಿಡಮ್ಮ, ಆಗಿದ್ದಾಯ್ತು" ಎಂದು ಕಿಟಕಿ ಕಡೆ ಮುಖ ಮಾಡಿದಿರಿ. ಮಾರನೆಯ ದಿನವೇ ಟರ್ಬೊ ಬಿಚ್ಚಿ, ಇಂಜಿನ್ನನ್ನು ಮೊದಲಿದ್ದ ಹಾಗೆ ಮಾಡಿ ಗೌಡರಿಗೆ ಒಪ್ಪಿಸಿದಿರಿ. ಅವರ ಗೆಳೆಯರ ಕಾರುಗಳು ಬೆಂಗಳೂರಿನ ದಾರಿ ಹಿಡಿದವು. ಆಮೇಲೆ ನಿಮ್ಮ ಕೈಗೆ ಬಂದದ್ದು ಮತ್ತೆ ಲಾರಿ, ಟ್ರ್ಯಾಕ್ಟರ್, ಪಂಪ್‌ಸೆಟ್ಟು, ಕೊನೆಗೆ ಎದೆನೋವು ಬಂದು ಮಲಗಿದ ಬೆಳಗಿನ ತನಕ. ಕಡೂರಿನಲ್ಲಿ ಯಾರು ಕೊಚ್ಚಿಕೊಂಡರೂ "ನಿಂದು ತೊಂಬತ್ತೋ ಅರವತ್ತೋ" ಎಂದು ಕೇಳುವುದು ರೂಢಿಯಾಯಿತು. ನಿಮ್ಮೆದುರಿಗೇ ಕೇಳುತ್ತಿದ್ದರು, ನೀವೂ ಜೊತೆಗೆ ನಗುತ್ತಿದ್ದಿರಿ. ಆ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಹೋದ ವಾರ ಭತ್ತವನ್ನು ಅಕ್ಕಿ ಮಾಡಿಸಲು ತರೀಕೆರೆಗೆ ಹೋದೆ. ಮಿಲ್ಲು ನಿಂತಿತ್ತು, ಮೋಟಾರು ಸುಟ್ಟಿತ್ತು. ತಂತಿ ಸುತ್ತುವವನು ಅದನ್ನು ಬಿಚ್ಚಿ ಹರಡಿಕೊಂಡು, ಇದು ಐವತ್ತರ ಮೋಟಾರಲ್ಲ, ಪ್ಲೇಟು ಬೇರೆ ಯಾವುದರದೋ ಎಂದು ಗೊಣಗುತ್ತಿದ್ದ. ನಾನು ಮರುಳಪ್ಪನವರ ಮುಖ ನೋಡಿದೆ.

"ಅದು ಮೊದಲಿಂದ್ಲೂ ಎಪ್ಪತ್ತೈದೇ ಕಣಮ್ಮ" ಎಂದರು. "ಯಾರ ಮಿಲ್ನಾಗೆ ಪ್ಲೇಟು ನಿಜ ಹೇಳ್ತದೆ?"

ಭಾವ, ನಿಂತ ಕಾಲಲ್ಲೇ ಗುಣಿಸಿದೆ. ಐವತ್ತಕ್ಕೆ ಐದನೇ ಒಂದು ಪಾಲು ಸೇರಿದರೆ ಅರವತ್ತು. ಎಪ್ಪತ್ತೈದಕ್ಕೆ ಸೇರಿದರೆ? ತೊಂಬತ್ತು. ಬೆಟ್ಟ ಹೇಳಿದ್ದೇ ತೊಂಬತ್ತು. ಮರುಳಪ್ಪನವರು ಇನ್ನೂ ಏನೋ ಹೇಳಲು ಬಂದರು, ನಿಮ್ಮ ಹೆಸರನ್ನೂ ಎತ್ತಿದರು. ನಾನು ಕೇಳಲಿಲ್ಲ. ತಮ್ಮನ ಮಾನ ಹೋಗುವುದನ್ನು ನೋಡುತ್ತಾ ನಿಂತವರ ಮಿಲ್ಲಿನ ಅಕ್ಕಿಯೂ ಬೇಡ ಎಂದು ಭತ್ತದ ಚೀಲ ಆಟೋಕ್ಕೆ ಹಾಕಿಸಿಕೊಂಡು ಬಂದೆ.

ಆಮೇಲಿನ ಸಿಟ್ಟೆಲ್ಲ ನಿಮ್ಮ ಮೇಲೆ. ಕರೆಂಟಿಗೆ ಎಚ್‌ಪಿ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು, ಅದಕ್ಕೇ ನಮ್ಮ ಕಡೆ ಯಾವ ಪ್ಲೇಟೂ ತನ್ನ ನಿಜವಾದ ವಯಸ್ಸು ಹೇಳುವುದಿಲ್ಲ. ಇದು ನಿಮಗೆ ಗೊತ್ತಿರಲಿಲ್ಲವೇ? ಹಿರೇನಲ್ಲೂರಿನ ಅರ್ಧ ಪಂಪ್‌ಸೆಟ್ಟುಗಳಿಗೆ ಐದರ ಪ್ಲೇಟು ಕಿತ್ತು ಮೂರರದು ಬಡಿದುಕೊಟ್ಟ ಕೈ ಯಾರದು? ನಾನು ನೋಡುತ್ತಿದ್ದಾಗಲೇ ಸುತ್ತಿಗೆ ಹಿಡಿದು ರಿವೆಟ್ ಹೊಡೆದು, "ಇದಕ್ಕೆ ಇವತ್ತು ನಾಮಕರಣ" ಎಂದಿದ್ದಿರಿ. ಅಂಥವರು ಮಿಲ್ಲಿನ ಪ್ಲೇಟನ್ನು ವೇದವಾಕ್ಯ ಎಂದು ನಂಬಿಬಿಟ್ಟಿರಾ? ಅಜ್ಜಂಪುರದ ಸ್ಕೂಲಿನಲ್ಲಿ ಪಾಠ ಮಾಡುತ್ತಾ ಮಾಡುತ್ತಾ ವಾರವಿಡೀ ಇದನ್ನೇ ಕೇಳಿಕೊಂಡೆ. ಇಷ್ಟು ದಡ್ಡರೇ ನನ್ನ ಭಾವ...

ನಿನ್ನೆ ತಡೆಯಲಾರದೆ ರೈಲು ಹಿಡಿದು ಅಕ್ಕನ ಹತ್ತಿರ ಹೋದೆ. ಅವಳು ಹಿತ್ತಿಲಲ್ಲಿ ರಾಗಿ ಕೇರುತ್ತಿದ್ದಳು. ಎಲ್ಲ ಹೇಳಿದೆ, ಮರುಳಪ್ಪನವರನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಮೊರ ಕೆಳಗಿಟ್ಟಳು.

"ಆ ಪ್ಲೇಟು ಹೊಡ್ದೋರೇ ನಿಮ್ ಭಾವ ಕಣೇ" ಎಂದಳು. "ನಮ್ ಮದ್ವೆ ಆದ ವರ್ಷ."

ಅವತ್ತು ಆಫೀಸರು ಎದುರಿಗೇ ಕೂತಿದ್ದರು, ಪ್ಲೇಟು ಸುಳ್ಳು ಎಂದಿದ್ದರೆ ಸಂಜೆಯೊಳಗೆ ಮಿಲ್ಲಿನ ಕರೆಂಟು ಕಿತ್ತು ಬೀಗ ಬೀಳುತ್ತಿತ್ತು, ಮರುಳಪ್ಪಣ್ಣನ ಮಗಳ ಲಗ್ನ ಬೇರೆ ಎದುರಿಗಿತ್ತು ಎಂದು ಅಕ್ಕ ನಿಧಾನವಾಗಿ ಬಿಡಿಸಿ ಹೇಳಿದಳು. ನೀವು ಮನೆಗೆ ಬಂದ ಸಂಜೆಯೇ ಅವಳಿಗೆ ಹೇಳಿದ್ದಿರಂತೆ. ಮತ್ತೆ ನನಗೆ? ಲೆಕ್ಕ ಮಾಡಿದವಳಿಗೆ? "ನಿನ್ ಬಾಯಲ್ಲಿ ಎಳ್ಳು ನೆನೆಯಲ್ಲ ಅಂತಿದ್ರು" ಎಂದು ಅಕ್ಕ ಮತ್ತೆ ಮೊರ ಎತ್ತಿಕೊಂಡಳು.

ಹಾಗಾದರೆ ಆ ಬಸ್ಸಿನಲ್ಲಿ ಕೂತಾಗ ನನ್ನ ಲೆಕ್ಕ ಸರಿ ಎಂದು ನಿಮಗೆ ಗೊತ್ತಿತ್ತು. ನಾನು ಗೋಗರೆಯುವುದನ್ನು ಕೇಳುತ್ತಾ ಕಿಟಕಿ ಕಡೆ ಮುಖ ಮಾಡಿದಿರಿ. ನಿಮ್ಮ ಕೈಯಾರೆ ಕಟ್ಟಿದ ತೊಂಬತ್ತನ್ನು ನಿಮ್ಮ ಬಾಯಾರೆ ಅರವತ್ತು ಮಾಡಿ, ಅದನ್ನು ನಿಜ ಮಾಡಲು ಟರ್ಬೊವನ್ನೂ ಬಿಚ್ಚಿದಿರಿ. ಅಣ್ಣನನ್ನು ಉಳಿಸಿದಿರೋ, ಪ್ಲೇಟು ಹೊಡೆದ ನಿಮ್ಮ ಕೈಯನ್ನು ಉಳಿಸಿಕೊಂಡಿರೋ, ಎರಡೂ ಹೌದೋ? ಗೌಡರನ್ನು ಒಂದು ಕಡೆ ಕರೆದು ಕಿವಿಯಲ್ಲಿ ಹೇಳಲು ಆಗುತ್ತಿರಲಿಲ್ಲವೇ? ಸ್ವಲ್ಪ ದಿನ ಕಳೆದ ಮೇಲೆ 'ನಿನ್ನ ಲೆಕ್ಕ ಸರಿಯಿತ್ತು ಕಣಮ್ಮ' ಎಂದು ನನಗೊಬ್ಬಳಿಗೆ ಅಂದಿದ್ದರೆ ಯಾವ ಮಿಲ್ಲು ಮುಳುಗುತ್ತಿತ್ತು ಭಾವ? ನಿಮ್ಮನ್ನು ದೊಡ್ಡವರು ಎಂದು ಹೊಗಳಲೂ ಮನಸ್ಸು ಬರುತ್ತಿಲ್ಲ. ಸುಮ್ಮನೆ ಹೊಟ್ಟೆ ಉರಿಯುತ್ತಿದೆ.

ನಿಮಗೆ ತಿಳಿಯದ ಸುದ್ದಿಯನ್ನೂ ಕೇಳಿಬಿಡಿ. ಈ ಸಲ ಮರುಳಪ್ಪನವರು ಎಪ್ಪತ್ತೈದಕ್ಕೇ ಮಂಜೂರಾತಿ ಕೇಳಿ ಹೊಸ ಮೋಟಾರು ತರಿಸುತ್ತಿದ್ದಾರಂತೆ. ಅವರ ಮಗಳು ಈಗ ಎರಡು ಮಕ್ಕಳ ತಾಯಿ. ಆ ಆಫೀಸರಿಗೆ ವರ್ಗವಾಗಿ ಎಷ್ಟೋ ಕಾಲವಾಯಿತು. ಇನ್ನು ಯಾರಿಗೂ ಯಾವ ತೊಂದರೆಯೂ ಇಲ್ಲ. ಆದ್ದರಿಂದ ಭಾನುವಾರ ಗಿರಿಯ ಬಸ್ಸು ಹತ್ತಿ ಹೋಗಿ ಮೊದಲು ಲಕ್ಷ್ಮಣಗೌಡರಿಗೆ ಹೇಳುತ್ತೇನೆ. ಆಮೇಲೆ ಅಂಗಳದಲ್ಲಿ ನಕ್ಕ ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ, ತೊಂಬತ್ತು ಇತ್ತು, ನಮ್ಮ ಭಾವ ಕಟ್ಟಿದ ಇಂಜಿನ್ನಿನಲ್ಲಿ ತೊಂಬತ್ತಕ್ಕೆ ತೊಂಬತ್ತೂ ಇತ್ತು ಎಂದು ಹೇಳಿ ಬರುತ್ತೇನೆ. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಹೇಳುವುದು ಬೇಡ ಎನ್ನುವುದಾದರೆ ಎದ್ದು ಬಂದು ನನ್ನ ಬಾಯಿ ಮುಚ್ಚಿಸಿ.

ನಿಮ್ಮ ನಾದಿನಿ