ಒಡಿಶಾದ ಕುಂತಳಾ ಆಂಧ್ರದವಳಾದ ಬಗೆ

ವಾಸ ದೃಢೀಕರಣ ಪತ್ರ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ, ಒಡಿಶಾದಲ್ಲಿ ಹುಟ್ಟಿ, ಮೂರು ವರ್ಷದಿಂದ ಕುರುಡುಮಲೆ ಪಕ್ಕದ ನಮ್ಮ ಹಳ್ಳಿಯಲ್ಲಿ ಬಾಳುತ್ತಿರುವ ಕುಂತಳಾ ಎಂಬ ಹೆಣ್ಣುಮಗಳನ್ನು ತಾವು ಕಳೆದ ಗುರುವಾರ ಎರಡೇ ನಿಮಿಷದಲ್ಲಿ ಆಂಧ್ರದವಳನ್ನಾಗಿ ಮಾಡಿಬಿಟ್ಟಿರಿ. ಅವಳ ಅರ್ಜಿಯ ಮೇಲೆ ‘ಆಂಧ್ರದವರು, ಸ್ಥಳೀಯರಲ್ಲ’ ಎಂದು ಷರಾ ಬರೆದು ಸಹಿ ಹಾಕಿದಿರಿ. ಅದರಿಂದಾಗಿ ಅವಳ ಮಗಳು ಲಿಪ್ಸಾಳಿಗೆ ವಸತಿ ಶಾಲೆಯಲ್ಲಿ ಸಿಕ್ಕಿದ ಸೀಟು ಬರುವ ಸೋಮವಾರ ಬೇರೆಯವರ ಪಾಲಾಗುತ್ತದೆ. ಆ ಹುಡುಗಿ ಪ್ರವೇಶ ಪರೀಕ್ಷೆ ಬರೆದದ್ದೂ ಪಾಸಾದದ್ದೂ ಕನ್ನಡದಲ್ಲಿ.

ತಮ್ಮ ಈ ಮಹಾ ಸಂಶೋಧನೆಗೆ ಆಧಾರವೇನು? ಕುಂತಳಾಳ ಬಾಯಿ. ಆ ಬಾಯಿಗೆ ಮಾತು ಕಲಿಸಿದವಳು ನಾನು. ಆದ್ದರಿಂದ ಮೊದಲು ನನ್ನ ತಪ್ಪೊಪ್ಪಿಗೆಯನ್ನು ದಾಖಲಿಸಿಕೊಳ್ಳಿ.

ನಮ್ಮದು ಹದಿನಾಲ್ಕು ಹೆಂಗಸರ ಪುಟ್ಟ ಸಂಘ. ನಮ್ಮಲ್ಲೊಬ್ಬಳಾದ ರಾಮಲಕ್ಷ್ಮಮ್ಮನ ಜಗಲಿಯೇ ನಮ್ಮ ಕಚೇರಿ. ಮಾಲೂರು ಕಡೆಯ ಇಟ್ಟಿಗೆ ಗೂಡುಗಳ ಕೆಲಸ ಬಿಟ್ಟು ಬರುವ ಹೊರರಾಜ್ಯದ ಸಂಸಾರಗಳಿಗೆ ಮನೆ ಹುಡುಕಿ ಕೊಡುತ್ತೇವೆ, ಮಕ್ಕಳನ್ನು ಶಾಲೆಗೆ ಸೇರಿಸುತ್ತೇವೆ, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಜೊತೆಗೆ ಕನ್ನಡ ಕಲಿಸುತ್ತೇವೆ. ಎಡವಟ್ಟಾದದ್ದು ಇಲ್ಲೇ. ಪಾಠ ನಡೆಯುವುದು ಹಿಪ್ಪುನೇರಳೆ ತೋಟದಲ್ಲಿ, ಸೊಪ್ಪು ಕೊಯ್ಯುತ್ತ. ಶುರುವಾಗುವುದೇನೋ ಶುದ್ಧ ಕನ್ನಡದಲ್ಲಿ. ನಡುವೆ ಯಾರದೋ ಮನೆಯ ಸುದ್ದಿ ಬಂತೋ, ಆಂಧ್ರದ ಗಡಿಯಲ್ಲೇ ಬೆಳೆದ ನಮ್ಮ ನಾಲಿಗೆ ತೆಲುಗಿಗೆ ಜಾರುತ್ತದೆ. ಜಾರಿದ್ದು ನಮಗೇ ಗೊತ್ತಾಗುವುದಿಲ್ಲ. ಇನ್ನು ಕುಂತಳಾಳಿಗೆ ಹೇಗೆ ಗೊತ್ತಾಗಬೇಕು? ಪಾಪ, ಎಲ್ಲವನ್ನೂ ಕನ್ನಡವೆಂದೇ ಕಲಿತಳು.

ಗುರುವಾರ ತಾವು ಕೇಳಿದಿರಿ: “ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತಮ್ಮ?”

ಅವಳು ಕೈಮುಗಿದು ಹೇಳಿದಳು: “ಮೂಡು ಸಂವತ್ಸರಾಲು ಅಯ್ಯಿಂದಿ ಸಾರ್. ಈಡೇ ಉಂಟಾಮು, ಯಾಡಿಕೀ ಪೋಮು.”

ಬಾಗಿಲಲ್ಲೇ ನಿಂತಿದ್ದ ನಾನು, ಭಲೇ, ಎಷ್ಟು ಚೆನ್ನಾಗಿ ಕನ್ನಡ ಮಾತಾಡಿದಳು ಎಂದು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡೆ! ತಮ್ಮ ಪೆನ್ನು ಓಡಿದ ಮೇಲೆಯೇ ನನಗೆ ಬೆಳಕಾದದ್ದು. ಮೂರು ವರ್ಷವಾಯಿತು, ಇಲ್ಲೇ ಇರುತ್ತೇವೆ, ಎಲ್ಲಿಗೂ ಹೋಗುವುದಿಲ್ಲ ಎಂದಿದ್ದಳು ಅವಳು. ತಾವು ಕೇಳಿದ್ದಕ್ಕೆ ಇದಕ್ಕಿಂತ ನೇರವಾದ ಉತ್ತರ ಯಾವುದಿದೆ?

ಇಷ್ಟಕ್ಕೂ ತೆಲುಗು ಆಡುವವರೆಲ್ಲ ಆಂಧ್ರದವರಾದರೆ ಮುಳಬಾಗಿಲು, ಶ್ರೀನಿವಾಸಪುರದ ಅರ್ಧ ಜನರನ್ನು ತಾವು ಗಡಿ ದಾಟಿಸಬೇಕಾಗುತ್ತದೆ. ಬಸ್ಸುಗಳನ್ನು ಗೊತ್ತುಮಾಡಿದ್ದೀರಾ? ಅದೂ ಇರಲಿ. ತಾವು ಕಾರವಾರದ ಕಡೆಯಿಂದ ಬಂದು ಎಂಟು ತಿಂಗಳಾಯಿತು. ತಮಗೆ ಬಾಡಿಗೆ ಮನೆ ಹುಡುಕಿಕೊಟ್ಟವಳೂ ಇದೇ ರಾಮಲಕ್ಷ್ಮಮ್ಮ. ಮೀನು ಸಿಗದೆ ತಾವು ಕಂಗಾಲಾದಾಗ ಅಂಗಡಿ ತೋರಿಸಿದವಳೂ ಅವಳೇ. ತಾವು ಸ್ಥಳೀಯರೇ ಎಂದು ಆಗ ಯಾರೂ ಕೇಳಲಿಲ್ಲ. ಅದೇ ಗುರುವಾರ, ಲೋಟಕ್ಕೆ ಟೀ ಸುರಿಯುತ್ತಿದ್ದವನಿಗೆ ತಾವು ‘ಚಾಲು, ಚಾಲು’ ಎಂದದ್ದನ್ನು ಈ ಕಿವಿಯಾರೆ ಕೇಳಿದ್ದೇನೆ. ಸಾಕು ಎನ್ನುವುದಕ್ಕೆ ಅದು ತೆಲುಗು, ಸ್ವಾಮಿ. ತಮ್ಮ ಮೇಲೆ ಷರಾ ಬರೆಯುವವರು ಯಾರು?

ಕುಂತಳಾ ಈಗ ತೋಟದಲ್ಲಿ ತುಟಿ ಬಿಚ್ಚುತ್ತಿಲ್ಲ. ನಿನ್ನೆ ಮಾತ್ರ ಒಂದೊಂದೇ ಪದ ಹುಡುಕಿಕೊಂಡು ಕೇಳಿದಳು: “ಭಾರತಕ್ಕಾ, ನಾನ್ ಮಾತೇ ಆಡ್ದೆ ಇದ್ದಿದ್ರೆ ಮಗೂಗೆ ಸೀಟು ಸಿಕ್ತಿತ್ತಾ?” ಅಪ್ಪಟ ಕನ್ನಡ. ನನಗೆ ಅಳು ಬಂತು.

ಸೋಮವಾರದೊಳಗೆ ಆ ಷರಾ ಹೊಡೆದುಹಾಕಿ, ಪತ್ರ ಕೊಡಿ. ಅನುಮಾನವಿದ್ದರೆ ನಮ್ಮೂರಿಗೇ ಬಂದು ಅದೇ ಪ್ರಶ್ನೆಯನ್ನು ಅವಳಿಗೆ ಇನ್ನೊಮ್ಮೆ ಕೇಳಿ. ನಾನು ಹೇಳಿಕೊಡುವುದಿಲ್ಲ, ಆಣೆ. ಯಾವ ಭಾಷೆಯಲ್ಲಿ ಹೇಳಿದರೂ ಅವಳ ಉತ್ತರ ಒಂದೇ: ಇಲ್ಲೇ ಇರ್ತೀವಿ, ಎಲ್ಲಿಗೂ ಹೋಗಲ್ಲ.

ಇಂತಿ,
ಪಾಠದಲ್ಲಿ ತಾನು ತಪ್ಪಿ, ಶಿಕ್ಷೆಯನ್ನು ಲಿಪ್ಸಾಳಿಗೆ ದಾಟಿಸಿದ ಟೀಚರಮ್ಮ,
ಭಾರತಮ್ಮ