ನಿನ್ನ ಅಮ್ಮನಿಗೆ ರಿಲೀಫ್ ಸಿಕ್ಕಿತು

ಚಾಂಪಿಯನ್ ರೀಫ್ಸ್
12-8-1984, ಭಾನುವಾರ

ಮಗಳು ಅಂಜನಮ್ಮನಿಗೆ ಅಪ್ಪನ ಆಶೀರ್ವಾದಗಳು.

ಆರೋಗ್ಯ ಹೇಗಿದೆ? ವಾಂತಿ ನಿಂತಿದೆ ಎಂದು ಅಳಿಯಂದಿರು ಬರೆದಿದ್ದರು. ಸೊಂಟನೋವಿನ ವಿಷಯ ಬರೆದಿರಲಿಲ್ಲ. ಅರಸೀಕೆರೆಯಲ್ಲಿ ಎಳನೀರಿಗೆ ಬರವಿಲ್ಲ, ನನ್ನ ಪಾಲಿನದನ್ನೂ ನೀನೇ ಕುಡಿ. ಇಲ್ಲಿ ನನಗೆ ನೀರು ಲೋಟದಲ್ಲಿ ಅಳೆದು ಕೊಡುತ್ತಾರೆ. ನನ್ನ ಸ್ಥಿತಿ, ಪೇಪರಿನವರು ಬರೆಯುವ ಹಾಗೆ, ಹತೋಟಿಯಲ್ಲಿದೆ. ಹೃದಯಕ್ಕೆ ರಕ್ತ ನೂಕುವ ಶಕ್ತಿ ಕಡಿಮೆಯಾಗಿದೆ, ಅದಕ್ಕೇ ಕಾಲಿಗೂ ಎದೆಗೂ ನೀರು ಇಳಿಯುತ್ತದೆ, ಮಾತ್ರೆ ತಪ್ಪಿಸದೆ ಉಪ್ಪು ಬಿಟ್ಟರೆ ಹೀಗೇ ನಡೆಸಿಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಈಗ ಮುಖ್ಯ ಸುದ್ದಿ. ನಿನ್ನ ಅಮ್ಮ ನಿನ್ನ ಬಾಣಂತನಕ್ಕೆ ಬರುತ್ತಿದ್ದಾಳೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಿತ್ತು. ಆದರೆ ಗಣಿಯವರು ಕೊಟ್ಟ ಈ ಲೈನ್ ಮನೆಯ ಒಂದೂವರೆ ಕೋಣೆಯಲ್ಲಿ ರೋಗಿಯೊಬ್ಬ ಕೂತಿರುವಾಗ ಬಾಣಂತಿಗೆ ಜಾಗವೆಲ್ಲಿ? ನಿನ್ನನ್ನು ಇಲ್ಲಿಗೆ ಕರೆಸಬಾರದು, ಅವಳೇ ಅಲ್ಲಿಗೆ ಹೋಗಬೇಕು ಎಂದು ನಾನು ಯುಗಾದಿಯಿಂದ ಹೇಳುತ್ತಲೇ ಇದ್ದೆ. ಅವಳದು ಒಂದೇ ಮಾತು: "ನಾನ್ ಓಗ್ಬಿಟ್ರೆ ನಿಮ್ಮನ್ನ ಯಾರ್ ನೋಡ್ತಾರೆ? ಬೆಳಿಗ್ಗೆ ಯಾವ ಮಾತ್ರೆ, ಸಂಜೆ ಯಾವ್ದು ಅಂತ ನಿಮಗೇ ಗೊತ್ತಿಲ್ಲ."

ಅವಳನ್ನು ನೀನು ನೋಡಿ ವರ್ಷವಾಯಿತು. ನಾನು ಕೆಮ್ಮಿದರೆ ಏಳುತ್ತಾಳೆ, ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಎಂದು ಏಳುತ್ತಾಳೆ. ನನಗೆ ಉಪ್ಪಿಲ್ಲ ಎಂದು ತಾನೂ ಉಪ್ಪಿಲ್ಲದ ಸಾರನ್ನೇ ತಿನ್ನುತ್ತಾಳೆ. ಹೋದ ತಿಂಗಳು ಕೊಳಾಯಿಯ ಹತ್ತಿರ ತಲೆ ಸುತ್ತಿ ಕೂತುಬಿಟ್ಟಳು. ಆ ವಾರ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಬದಿಗೆ ಕೂರಿಸಿ ಅವಳ ಬಿ.ಪಿ. ನೋಡಿದರು. "ಇವರನ್ನು ನೋಡಿಕೊಳ್ಳುವ ಕೆಲಸ ಇನ್ನೊಬ್ಬರಿಗೆ ಕಲಿಸಿಕೊಡಿ ಅಮ್ಮ, ಇಲ್ಲದಿದ್ದರೆ ನಾನು ಎರಡು ಹಾಸಿಗೆ ಹಾಕಬೇಕಾಗುತ್ತದೆ" ಎಂದರು. ಮನೆಗೆ ಬಂದ ಮೇಲೆ ನಾನೂ ಹೇಳಿದೆ. ಗಣಿಗೆ ಆಳುಗಳನ್ನು ಇಳಿಸುವ ಎಂಜಿನ್ನನ್ನು ಇಷ್ಟು ವರ್ಷ ನಡೆಸಿದವನು ನಾನು. ಪಾಳಿ ಬದಲಿಸುವ ರಿಲೀಫಿನವನು ಬರುವ ತನಕ ನಾವು ಕುರ್ಚಿ ಬಿಡುತ್ತಿರಲಿಲ್ಲ ನಿಜ, ಆದರೆ ರಿಲೀಫಿನವನು ಬಂದೇ ಬರುತ್ತಿದ್ದ. ನಿದ್ದೆಗೆಟ್ಟವನ ಕೈಗೆ ಯಾರೂ ಎಂಜಿನ್ ಕೊಡುತ್ತಿರಲಿಲ್ಲ. ಅವಳು ಕೇಳಿ, "ನೀವೇನು ಎಂಜಿನ್ನಾ?" ಎಂದು ಒಳಗೆ ಹೋದಳು.

ಪಕ್ಕದ ಮನೆಯ ಮಾರಿಯಮ್ಮ ಗೋಡೆಯಾಚೆಯಿಂದ ಎಲ್ಲಾ ಕೇಳಿಸಿಕೊಂಡಿದ್ದಳಂತೆ. ಮಾರನೆಯ ಬೆಳಿಗ್ಗೆ ಬಂದು, "ಅಕ್ಕಾ, ನಾನೇನು ಅಣ್ಣನ್ನ ನುಂಗ್ಬಿಡ್ತೀನಾ? ಕಲ್ಸು" ಎಂದು ಕೂತೇ ಬಿಟ್ಟಳು. ಹದಿನೈದು ದಿನ ಅಮ್ಮ ಅವಳಿಗೆ ಪಾಠ ಮಾಡಿದಳು. ಪಾದದ ಗಂಟಿನ ಹತ್ತಿರ ಹೆಬ್ಬೆರಳು ಒತ್ತಿ, ನೀರು ತುಂಬಿ ಗುಳಿ ಬೀಳುತ್ತದೆಯೇ ನೋಡುವುದು, ದಿಂಬು ಎಷ್ಟು ಎತ್ತರ ಇರಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು, ಎಲ್ಲಾ. ನನ್ನ ಕಾಲನ್ನು ಇಬ್ಬರೂ ಒತ್ತಿ ಒತ್ತಿ ಸೀಬೆಹಣ್ಣಿನ ಹಾಗೆ ಮಾಡಿದರು. ಆಮೇಲೂ ಅಮ್ಮನಿಗೆ ಧೈರ್ಯ ಬರಲಿಲ್ಲ. ಪರೀಕ್ಷೆಗೆಂದು ಒಂದು ದಿನ ಬಂಗಾರಪೇಟೆಯ ನಿನ್ನ ಸೋದರಮಾವ ಚಿಕ್ಕಮುನಿಯಪ್ಪನ ಮನೆಗೆ ಹೋಗಿ ಬರುವುದೆಂದಾಯಿತು.

ಅವಳು ರೈಲು ಹತ್ತಿ ಗಂಟೆಯಾಗುವಷ್ಟರಲ್ಲಿ ಮಾರಿಯಮ್ಮನ ಗಂಡ ಆರುಮುಗಂ ಬಂದ. ಕೈಯಲ್ಲಿ ಚೊಂಬು ತುಂಬಾ ಉಪ್ಪು ಹಾಕಿದ ಮಜ್ಜಿಗೆ. ಗಣಿಯ ತಳದ ಸೆಕೆಯಲ್ಲಿ ಬೆವರಿ ಬಿದ್ದವರನ್ನು ಎಬ್ಬಿಸಿದ್ದು ಉಪ್ಪೇ ಅಲ್ಲವೇ ಎಂಬುದು, ಗಣಿಯೊಳಗೆ ದುಡಿದ ಅವನ ವಾದ. ಉಪ್ಪು ಬಿಟ್ಟದ್ದಕ್ಕೇ ನಾನು ಸೊರಗಿದ್ದೇನೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದಾನೆ. "ಕುಡಿ ಅಣ್ಣಾ, ಅಕ್ಕ ಇಲ್ಲ" ಎಂದು ಕಣ್ಣು ಮಿಟುಕಿಸಿದ. ಮಾರಿಯಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಯೋವ್! ಅಲ್ಲೇ ನಿಲ್ಲು. ಅಲ್ಲಿ ಬೆವರು ಸುರೀತಿತ್ತು, ಉಪ್ಪು ಬೇಕಿತ್ತು. ಇಲ್ಲಿ ನೀರು ಒಳಗೇ ನಿಲ್ತದೆ. ಅದನ್ನ ಇಳಿಸೋಕೆ ಡಾಕ್ಟರು ಮಾತ್ರೆ ಕೊಡ್ತಾ ಅವ್ರೆ, ನೀನು ಚೊಂಬಲ್ಲಿ ತುಂಬ್ತೀಯಾ? ನಡಿ ಆಚೆ! ಅಕ್ಕ ಬರೋವರ್ಗೂ ಈ ಮನೇಲಿ ನಾನೇ ಡಾಕ್ಟ್ರು." ಆರುಮುಗಂ ಮಜ್ಜಿಗೆಯನ್ನು ತಾನೇ ಕುಡಿದು ಹೊರಟ.

ಆಗ ಕಿಟಕಿಯ ಹೊರಗಿನಿಂದ ನಗು ಕೇಳಿಸಿತು. ನೋಡಿದರೆ ನಿನ್ನ ಅಮ್ಮ! ಮನಸ್ಸು ತಡೆಯದೆ ನಡುವಿನ ಕೋರಮಂಡಲ್ ಸ್ಟೇಷನ್ನಿನಲ್ಲೇ ಇಳಿದು ಬಸ್ಸು ಹಿಡಿದು ವಾಪಸು ಬಂದಿದ್ದಳು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿನ್ನ ಮಾವ ಕಾಯುತ್ತಲೇ ಇದ್ದನಂತೆ, ಪಾಪ. ಅವಳು ಒಳಗೂ ಬರಲಿಲ್ಲ. "ಮಾರೀ, ನನಗಿಂತ ನಿನ್ನ ಬಾಯಿ ಜೋರು. ಇನ್ನು ನನಗೆ ಭಯ ಇಲ್ಲ, ಓಗ್ತೀನಿ" ಎಂದು ಮುಂದಿನ ಬಸ್ಸಿಗೆ ಹೊರಟೇ ಹೋದಳು. ಬಂಗಾರಪೇಟೆಯಲ್ಲಿ ಎರಡು ದಿನ ಉಳಿದು, ಉಪ್ಪು ಖಾರ ಹಾಕಿದ ಊಟ ಉಂಡು ಬಂದಳು. ಬಂದವಳೇ ನನ್ನ ಕಾಲು ಒತ್ತಿದಳು. ಗುಳಿ ಬೀಳಲಿಲ್ಲ. ಲೈನಿನ ಹೆಂಗಸರನ್ನೆಲ್ಲ ಕರೆದು ತೋರಿಸಿದಳು, ನಾನೇನೋ ಪದಕ ಗೆದ್ದವನ ಹಾಗೆ. ಈಗ ಇನ್ನೂ ಇಬ್ಬರು ಮಾರಿಯಮ್ಮನ ಹತ್ತಿರ ಕಲಿಯುತ್ತಿದ್ದಾರೆ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಭಾರ ಎತ್ತಬೇಡ. ತಾಯಿ ಮಗು ಕ್ಷೇಮವಾಗಿ ಎರಡು ಜೀವವಾಗಿರಿ ಎಂದು ಹರಸುವ

ನಿನ್ನ ಅಪ್ಪ,
ಮುನಿನಾರಾಯಣಪ್ಪ

ತಾ.ಕ.: ಅಮ್ಮ ಗುರುವಾರ ನಿನ್ನ ಮಾವನ ಜೊತೆ ಹೊರಡುತ್ತಾಳೆ. ನಿನಗೆ ಇನ್ನೂ ತಿಂಗಳಿದೆ, ಈಗಲೇ ಯಾಕೆ ಎಂದು ಕೇಳಬೇಡ. ಬಂದ ಕೂಡಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗುತ್ತಾಳೆ, ಬಿಡಬೇಡ. ಹಾಸಿಗೆ ಹಾಸಿಡು, ಬಾಗಿಲು ಮುಚ್ಚು, ಅವಳಾಗಿಯೇ ಏಳುವ ತನಕ ಎಬ್ಬಿಸಬೇಡ. ಮೊದಲ ಬಾಣಂತನ ಅವಳಿಗೆ, ಆಮೇಲೆ ನಿನಗೆ. ಈ ಕಾಗದ ಅವಳಿಗೆ ತೋರಿಸಬೇಡ.